ನಾದಪಟ್ಟಿಗೆ ಕಾಯಲು ಕಲಿಸಿದ್ದು

ನಾದಪಟ್ಟಿ ಬಂದ ಮೂರನೆಯ ವಾರ ಎದುರಿನ ಹಿಟ್ಟಿನ ಗಿರಣಿಯ ಬಸಣ್ಣ ರಸ್ತೆ ದಾಟಿ ಬಂದು, ಶಾಲೆಯ ಗೇಟಿನ ಹೊರಗೇ ನಿಂತು, "ಏನ್ರಿ ಮೇಡಂ, ರಜೆ ಕೊಟ್ಟಿದೀರಾ?" ಎಂದು ಕೇಳಿದ. ಒಳಗೆ ಮೂವತ್ತೆರಡು ಮಕ್ಕಳು ಕೂತಿದ್ದರು.

"ಇಲ್ಲಪ್ಪ, ಎಲ್ಲಾ ಬಂದಿದಾರೆ," ಎಂದೆ.

"ಮತ್ತೆ ಒಂದೂ ಸದ್ದಿಲ್ಲ," ಎಂದ, ಸ್ವಲ್ಪ ಹೆದರಿದವನಂತೆ. ನಮ್ಮ ಮಕ್ಕಳ ಕೂಗಾಟವೂ ಅವನ ಗಿರಣಿಯ ಗಡಗಡವೂ ಹದಿನೇಳು ವರ್ಷ ಒಂದನ್ನೊಂದು ಸಹಿಸಿಕೊಂಡು ಬಂದಿದ್ದವು. ಪರೀಕ್ಷೆಯ ದಿನಗಳಲ್ಲಿ, ಯಾರೂ ಹೇಳದಿದ್ದರೂ, ಅವನು ಹನ್ನೊಂದರಿಂದ ಹನ್ನೆರಡರವರೆಗೆ ಗಿರಣಿ ನಿಲ್ಲಿಸುತ್ತಿದ್ದ. ಈಗ ಅವನದೊಂದೇ ಸದ್ದು ರಸ್ತೆಯಲ್ಲಿ ಉಳಿದಿತ್ತು.

ನನ್ನ ಹೆಸರು ಜಲಜಾಕ್ಷಿ. ಚಿತ್ರದುರ್ಗದ ಆ ವಿಶೇಷ ಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಸಂಗೀತ ಹೇಳಿಕೊಟ್ಟಿದ್ದೇನೆ. ಸಂಗೀತವೆಂದರೆ ಕಚೇರಿ ಹಾಡುವ ಸಂಗೀತವಲ್ಲ. ನಮ್ಮಲ್ಲಿ ಕೆಲವು ಮಕ್ಕಳಿಗೆ ಮಾತಿಲ್ಲ. ಕೆಲವರಿಗೆ ತಟ್ಟೆ ಬಿದ್ದ ಸದ್ದೂ ಮೈ ಸುಟ್ಟಂತೆ ಆಗುತ್ತದೆ. ಕೆಲವರು ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಹಾರ್ಮೋನಿಯಂ ತಿದಿ ಒತ್ತಿದರೆ ತಿರುಗುತ್ತಾರೆ. ಆ ತಿರುಗಿದ ಕ್ಷಣವನ್ನು ಹಿಡಿದುಕೊಂಡು ಸರದಿ ಕಾಯುವುದನ್ನು, ಕೈ ಎತ್ತುವುದನ್ನು, ಬೇಕು ಬೇಡ ಹೇಳುವುದನ್ನು ಹಾಡಿನ ಮೂಲಕ ಕಲಿಸುವುದು ನನ್ನ ಕೆಲಸವಾಗಿತ್ತು.

ಅದಕ್ಕೆ ನಮ್ಮಲ್ಲೊಂದು ಪದ್ಧತಿ ಇತ್ತು. ಯಾವ ಹಾಡನ್ನೂ ಟೀಚರು ಪೂರ್ತಿ ಹಾಡುವಂತಿಲ್ಲ. ಸಾಲಿನ ಕೊನೆಯ ಸ್ವರದ ಹೊಸ್ತಿಲಿಗೆ ಬಂದು ನಿಂತುಬಿಡಬೇಕು. ಮಗುವಿನ ಮುಖ ನೋಡುತ್ತಾ ಸುಮ್ಮನೆ ಕೂರಬೇಕು. ಸಂಗೀತ ಗೊತ್ತಿಲ್ಲದವರ ಕಿವಿಯೂ ಅರ್ಧಕ್ಕೆ ನಿಂತ ಸಾಲನ್ನು ಸಹಿಸುವುದಿಲ್ಲ. ಒಂದು ದಿನವಲ್ಲ ಒಂದು ದಿನ ಮಗು ಆ ಸ್ವರವನ್ನು ತಾನೇ ಹಾಕುತ್ತದೆ. ಅಲ್ಲಿಂದ ಮಾತು ಶುರು.

ತನುಜಾ ಹಾಗೆ ಶುರುಮಾಡಿದವಳು. ಶಾಲೆಗೆ ಬಂದಾಗ ಅವಳಿಗೆ ಏಳು ವರ್ಷ. ಅವಳ ಅಮ್ಮ ದ್ರಾಕ್ಷಾಯಿಣಿ ಮನೆಯಲ್ಲೇ ರವಿಕೆ ಹೊಲಿಯುವವಳು, ಅಪ್ಪ ಗುಡ್ಡದ ಮೇಲಿನ ಗಾಳಿಯಂತ್ರಗಳ ಪಾಳಿ ಕೆಲಸದವನು, ವಾರಕ್ಕೆ ಎರಡು ದಿನ ಮನೆಯಲ್ಲಿ ಸಿಗುತ್ತಿದ್ದ. ತನುವಿಗೆ ಒಂದೂ ಮಾತಿರಲಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆ ಕೂಗುತ್ತಿದ್ದಳು, ತನ್ನ ಮುಂಗೈ ತಾನೇ ಕಚ್ಚಿಕೊಳ್ಳುತ್ತಿದ್ದಳು. "ನೀರು ಬೇಕಾ ತನುಗೆ" ಎಂದು ನಾನು ಹಾಡಿ, ಕೊನೆಗೆ ಬರಬೇಕಾದ ಷಡ್ಜವನ್ನು ಬಿಟ್ಟು ಕಾಯುತ್ತಿದ್ದೆ. ಹದಿನಾಲ್ಕು ತಿಂಗಳು ಕಾದೆ. ಒಂದು ಮಂಗಳವಾರ ಅವಳು ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ಊಂ" ಎಂದು ಸರಿಯಾಗಿ ಆ ಷಡ್ಜಕ್ಕೇ ಕೂತಳು. ನೀರು ಕೊಟ್ಟೆ, ಕುಡಿದಳು.

ಅದು ಅವಳ "ಹೌದು" ಆಯಿತು. ದ್ರಾಕ್ಷಾಯಿಣಿಯೂ ಆ ಸಾಲನ್ನು ಕಲಿತಳು. ಅವಳಿಗೆ ಶ್ರುತಿ ಅಷ್ಟಕ್ಕಷ್ಟೇ, ಆದರೆ ತನು ಅಮ್ಮನ ಶ್ರುತಿಗೂ ಹೊಂದಿಕೊಂಡಳು. "ಅನ್ನ ಬೇಕಾ ತನುಗೆ..." ಸುಮ್ಮನಿದ್ದರೆ ಬೇಡ. "ರೊಟ್ಟಿ ಬೇಕಾ ತನುಗೆ..." ತಟ್ಟೆ ತಳ್ಳಿದರೆ ಖಂಡಿತ ಬೇಡ. "ಹೊರಗೆ ಹೋಗಣಾ ತನು..." ಊಂ. ಇಷ್ಟು ಬಂದಿದ್ದಕ್ಕೆ ಎರಡೂಕಾಲು ವರ್ಷ ಹಿಡಿಯಿತು. ಕೂಗು ಮಾತ್ರ ಹಾಗೇ ಇತ್ತು. ಮಗಳು ರಾತ್ರಿಯಿಡೀ ಎದ್ದಿರುತ್ತಿದ್ದುದರಿಂದ ದ್ರಾಕ್ಷಾಯಿಣಿ ನಮ್ಮ ಶಾಲೆಯ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. ಆಯಾ ನಾಗವೇಣಿ ಅವಳ ತಲೆ ಗೋಡೆಗೆ ಬಡಿಯದ ಹಾಗೆ ಮಧ್ಯದಲ್ಲಿ ಒಂದು ಮಡಿಚಿದ ಟವೆಲ್ ಸಿಕ್ಕಿಸಿ ಹೋಗುತ್ತಿದ್ದಳು.

ಆ ಹೊತ್ತಿಗೆ ನಾದಪಟ್ಟಿ ಬಂತು.

ಅದು ಹಣೆಗೆ ಕಟ್ಟುವ ಮೆತ್ತನೆಯ ಬಟ್ಟೆಯ ಪಟ್ಟಿ. ಒಳಮೈಯಲ್ಲಿ ಕಾಳಿನಷ್ಟು ದೊಡ್ಡ ಆರು ಬಿಲ್ಲೆಗಳು. ಅವು ನಾಡಿ, ಉಸಿರು, ಚರ್ಮದ ಬೆವರು, ಮಿದುಳಿನ ಸಣ್ಣ ವಿದ್ಯುತ್ ಅಲೆ ಎಲ್ಲವನ್ನೂ ಓದಿ, ಮಗುವಿನ ಕಳವಳ ಎಷ್ಟಿದೆ ಎಂದು ಒಂದು ಗೆರೆ ಬರೆಯುತ್ತವೆ. ಗೆರೆ ಏರತೊಡಗಿದರೆ ಪಟ್ಟಿಯೇ ಸಂಗೀತ ಕಟ್ಟುತ್ತದೆ. ಆ ಸಂಗೀತ ಕಿವಿಯ ಹಿಂದಿನ ಮೂಳೆಯ ಮೂಲಕ ಮಗುವಿಗೆ ಮಾತ್ರ ಕೇಳಿಸುತ್ತದೆ, ಪಕ್ಕದಲ್ಲಿ ಕೂತವರಿಗೆ ಏನೂ ಇಲ್ಲ. ಯಾವ ಮಗುವಿಗೆ ಯಾವ ಸ್ವರ, ಯಾವ ನಡೆ ತಂಪು ಎಂಬುದನ್ನು ಅದು ಹದಿನೆಂಟು ದಿನಗಳಲ್ಲಿ ಕಲಿತುಬಿಡುತ್ತದೆ. ನನಗೆ ಹದಿನಾಲ್ಕು ತಿಂಗಳು.

ಪಟ್ಟಿಗೆ ಹಾಡಿನ ಸರಕು ಬೇಕಲ್ಲ, ಅದನ್ನು ಕೊಟ್ಟವಳು ನಾನೇ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ಅಭ್ಯಾಸ ಬಿಡಲಾರದೆ ಶಾಲೆಗೆ ಹೋಗಿಬಂದು ಮಾಡುತ್ತಿದ್ದೆ. ಜಿಲ್ಲಾ ಕೇಂದ್ರದಿಂದ ಅಫ್ರೋಜ್ ಎಂಬ ಎಂಜಿನಿಯರ್ ಹುಡುಕಿಕೊಂಡು ಬಂದ. "ಈ ಮಕ್ಕಳಿಗೆ ಗೊತ್ತಿರೋ ಧ್ವನಿ ನಿಮ್ಮದು ಮೇಡಂ. ನಲವತ್ತು ಹಾಡು ಹಾಡಿಕೊಡಿ, ಉಳಿದದ್ದನ್ನ ಯಂತ್ರ ಬೆಳೆಸ್ಕೊಳ್ಳುತ್ತೆ," ಎಂದ. ಹನ್ನೊಂದು ದಿನ ಹೋಗಿ ಹಾಡಿದೆ. ನನ್ನ ಮಂಡಿ ನೋಡಿ ಅವನು ಎರಡನೆಯ ದಿನ ಎಲ್ಲಿಂದಲೋ ಕೈಯಿರುವ ಕುರ್ಚಿ ತಂದಿಟ್ಟಿದ್ದ. ನನ್ನ ಧ್ವನಿ ಜಿಲ್ಲೆಯ ಮುನ್ನೂರ ಹನ್ನೆರಡು ಮಕ್ಕಳ ಕಿವಿಗೆ ಹೋಗುತ್ತದೆ ಎಂದಾಗ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ರೇಡಿಯೋ ಪರೀಕ್ಷೆಗೆ ಹೋಗಿ ನಪಾಸಾಗಿ ಬಂದವಳು ನಾನು.

ಪಟ್ಟಿ ಕಟ್ಟಿ ಮೂರು ವಾರವಾದ ಮೇಲೆ ತನುವಿನ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ದ್ರಾಕ್ಷಾಯಿಣಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೆರಳು ಹಾಕಿಕೊಂಡಿದ್ದಳು, ಅದರಲ್ಲಿ ಕನಕಾಂಬರ. ಅವಳ ತಲೆಯಲ್ಲಿ ಹೂವು ನೋಡಿದ್ದು ಅದೇ ಮೊದಲು.

"ಬರ್ರಿ ಟೀಚರಮ್ಮ, ಕೂತ್ಕಳ್ರಿ. ನೋಡ್ರಿ ನಿಮ್ಮ ಶಿಷ್ಯೇನ."

ತನು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಹಣೆಯ ಮೇಲೆ ನೀಲಿ ಪಟ್ಟಿ. ಮುಂಗೈಯ ಗಾಯ ಒಣಗಿ ಹೊಸ ಚರ್ಮ ಬಂದಿತ್ತು.

"ಹದಿನೆಂಟನೇ ದಿನದಿಂದ ರಾತ್ರಿ ಒಂಬತ್ತಕ್ಕೆ ಮಲಗಿದ್ರೆ ಬೆಳಿಗ್ಗೆ ಆರಕ್ಕೆ ಏಳ್ತಾಳೆ. ಮೊದಲನೇ ದಿನ ನಾನೇ ಎದ್ದೆದ್ದು ಉಸಿರು ಇದೆಯಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡ್ದೆ," ಎಂದು ನಕ್ಕಳು. "ಈಗ ನಾನೂ ಮಲಗ್ತೀನಿ. ಒಂಬತ್ತು ವರ್ಷದ ನಿದ್ದೆ ಬಾಕಿ ಐತೆ. ನಮ್ಮನೆಯವ್ರು ಅಂತಾರೆ, ಪಟ್ಟಿ ನಿಂಗೇ ಕಟ್ಟಿದಾರೋ ಏನೋ ಅಂತ."

ಚಹಾ ಕುಡಿದು ಬಂದೆ. ಬರುವ ಮುಂಚೆ ತನುವಿನ ಮುಂದೆ ಕೂತು ಹಳೆಯ ಸಾಲು ಹಾಡಿ ಕಾದೆ. ಅವಳು ನನ್ನನ್ನೇ ನೋಡಿದಳು. ಹಿಂದೆ ಹಾಗೆ ನೇರ ನೋಡಿದವಳೇ ಅಲ್ಲ. ಎಷ್ಟು ಕಾದರೂ ಸ್ವರ ಮಾತ್ರ ಬರಲಿಲ್ಲ. ಮಗು ನೆಮ್ಮದಿಯಾಗಿದೆ, ಅದಕ್ಕೇನೂ ಬೇಡವಾಗಿದೆ ಅಂದುಕೊಂಡೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ, ಇಷ್ಟು ವರ್ಷ ನಾನು ಕಷ್ಟಪಟ್ಟದ್ದೆಲ್ಲ ಒಂದು ಬಟ್ಟೆಯ ಚೂರಿನ ಕೆಲಸವಾಗಿತ್ತಲ್ಲ ಎಂದೂ ಅನ್ನಿಸಿತು. ಬೇಸರವಾಗಲಿಲ್ಲ, ಮೈ ಭಾರವಾಯಿತು ಅಷ್ಟೆ.

ನಾಲ್ಕನೆಯ ತಿಂಗಳಲ್ಲಿ ದ್ರಾಕ್ಷಾಯಿಣಿ ಫೋನು ಮಾಡಿದಳು. ಮಗಳಿಗೆ ಜಡೆ ಹಾಕುವಾಗ ಬಲಗೆನ್ನೆ ಊದಿರುವುದು ಕಂಡಿತಂತೆ, ಮುಟ್ಟಿದರೆ ಕೆಂಡದಂತೆ ಸುಡುತ್ತಿತ್ತಂತೆ. ನಾನು ಅವರ ಜೊತೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು.

"ಕಡಿಮೆ ಅಂದ್ರೂ ಎಂಟೊಂಬತ್ತು ದಿನದ್ದು ಇದು," ಎಂದರು ಡಾಕ್ಟರು. "ಇಂಥ ನೋವಿಗೆ ದೊಡ್ಡವರೇ ಗೋಡೆಗೆ ತಲೆ ಚಚ್ಚಿಕೊಳ್ತಾರೆ. ಮಗು ಅಳಲಿಲ್ವೇನಮ್ಮ?"

"ಇಲ್ಲ ಸಾರ್."

"ಊಟ?"

"ಕೊಟ್ಟಿದ್ದೆಲ್ಲ ತಿಂತಿದ್ಲು ಸಾರ್." ಅವಳ ಧ್ವನಿ ಇಳಿಯಿತು. "ಸುಮ್ನಿದ್ಲು."

ತನುವಿನ ಬಾಯಿಗೆ ಬೆಳಕು ಹಿಡಿದಿದ್ದ ನರ್ಸ್ ದೀಪವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದಳು. ತಾಯಿಯ ಮುಖದ ಮೇಲೆ ಬೀಳುತ್ತಿದ್ದ ಬೆಳಕು ತಪ್ಪಿತು.

ಮರುದಿನ ಬೆಳಿಗ್ಗೆ ಪಟ್ಟಿಗಳ ನಿಯಂತ್ರಣ ಕೊಠಡಿಗೆ ಹೋದೆ. ಜಿಲ್ಲಾ ಕೇಂದ್ರದ ಮೂರನೆಯ ಮಹಡಿ. ಗೋಡೆಯಗಲದ ಪರದೆಯ ಮೇಲೆ ಮುನ್ನೂರ ಹನ್ನೆರಡು ಗೆರೆಗಳು ಹಸಿರಾಗಿ, ಬೆಳೆದ ಪೈರು ಗಾಳಿಯಿಲ್ಲದೆ ನಿಂತಂತೆ ನಿಂತಿದ್ದವು. ಅಫ್ರೋಜ್ ನನ್ನನ್ನು ಕಂಡೊಡನೆ ಎದ್ದು ಏಸಿ ತಗ್ಗಿಸಿದ.

ಹಲ್ಲಿನ ವಿಷಯ ಹೇಳಿದೆ. ಅವನು ತನುವಿನ ಹಿಂದಿನ ಎರಡು ವಾರಗಳ ಗೆರೆಯನ್ನು ದೊಡ್ಡದು ಮಾಡಿದ. ಒಂಬತ್ತು ದಿನಗಳ ಹಿಂದೆ ಗೆರೆ ಮೊದಲ ಸಲ ಮೊಳೆಯಂತೆ ಮೇಲೆದ್ದಿತ್ತು. ತಕ್ಷಣ ಪಟ್ಟಿ ಹಾಡಿತ್ತು, ಗೆರೆ ಇಳಿದಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಏರಿತ್ತು, ಮತ್ತೆ ಇಳಿಸಿತ್ತು. ಆಮೇಲೆ ಐದು ನಿಮಿಷಕ್ಕೊಮ್ಮೆ. ಕೊನೆಯ ಎರಡು ದಿನ ನಿಮಿಷಕ್ಕೊಮ್ಮೆ. ಒಂದು ಮೊಳೆಯೂ ಹಸಿರು ಗೀಟನ್ನು ದಾಟಿರಲಿಲ್ಲ, ಪಟ್ಟಿ ದಾಟಲು ಬಿಟ್ಟಿರಲಿಲ್ಲ.

"ಕೂಗ್ತಾನೇ ಇದ್ದಳು," ಎಂದ ಅಫ್ರೋಜ್, ಪರದೆಯನ್ನೇ ನೋಡುತ್ತಾ. "ನಾವೇ ಬಾಯಿ ಮುಚ್ಚಿದ್ವಿ. ಈ ತಿಂಗಳ ವರದಿಯಲ್ಲಿ ಇವಳದು ಅತಿ ಉತ್ತಮ ಅಂತ ಬರೆದಿದೀನಿ ಮೇಡಂ."

ಒಂದೇ ಬಗೆಯ ಏರಿಕೆ ಮತ್ತೆ ಮತ್ತೆ ಬಂದರೆ ಮನೆಗೂ ಡಾಕ್ಟರಿಗೂ ಕರೆ ಹೋಗುವ ಹಾಗೆ ಅವನು ಅಲ್ಲೇ ಕೂತು ಬರೆದ. ಮುಗಿಸುವವರೆಗೆ ತಲೆ ಎತ್ತಲಿಲ್ಲ. ನಲವತ್ತು ನಿಮಿಷವಾಗಿರಬೇಕು. ಇಷ್ಟರಿಂದ ಇನ್ನು ಯಾವ ಮಗುವಿನ ನೋವೂ ಕಾಣದೆ ಹೋಗುವುದಿಲ್ಲ. ಆದರೆ ನನ್ನ ಮನಸ್ಸು ನಿಲ್ಲಲಿಲ್ಲ. ನೋವಿಗೇನೋ ಗಂಟೆ ಕಟ್ಟಿದ್ದಾಯಿತು. ಅವಳ ಹೌದು, ಅವಳ ಬೇಡ ಎಲ್ಲಿ ಹೋದವು?

"ಅಫ್ರೋಜ್, ಅದು ಅವಳಿಗೆ ಏನು ಹಾಡುತ್ತೆ ಅಂತ ನಾನು ಒಂದು ಸಲವೂ ಕೇಳಿಲ್ಲ. ಕೇಳಿಸಪ್ಪ."

ಅವನು ಸ್ಪೀಕರಿಗೆ ಹಾಕಿದ. ನನ್ನದೇ ಧ್ವನಿ, ಆದರೆ ನಲವತ್ತರ ಹರೆಯದ್ದು ಎನ್ನುವಷ್ಟು ನಯವಾಗಿತ್ತು. ನಾನು ಎಂದೂ ಹಾಡದ ಸಾಲುಗಳನ್ನು ನಾನೇ ಹಾಡುತ್ತಿದ್ದೆ. ಬಹಳ ಚೆನ್ನಾಗಿತ್ತು. ಪ್ರತಿ ಸಾಲೂ ಇಳಿಯುತ್ತಾ ಬಂದು ಷಡ್ಜದ ಮೇಲೆ ಮೆತ್ತಗೆ ಕೂರುತ್ತಿತ್ತು, ಕೂತ ಕೂಡಲೆ ಮುಂದಿನ ಸಾಲು. ಹತ್ತು ನಿಮಿಷ ಕೇಳಿದೆ. ಒಂದೇ ಒಂದು ಕಡೆ, ಒಂದು ಉಸಿರಿನಷ್ಟು ಜಾಗವನ್ನೂ ಅದು ಮಗುವಿಗೆ ಬಿಟ್ಟಿರಲಿಲ್ಲ.

ನನಗೆ ಹಾಡಿದ ದಿನಗಳ ನೆನಪಾಯಿತು. ಮೊದಲ ದಿನ, ಸ್ಪಂಜು ಹೊದಿಸಿದ ಆ ಪುಟ್ಟ ಕೋಣೆಯಲ್ಲಿ, ಅಭ್ಯಾಸಬಲದಿಂದ ಮೂರು ಹಾಡುಗಳ ಕೊನೆಯ ಸ್ವರಗಳನ್ನು ಬಿಟ್ಟು ಹಾಡಿದ್ದೆ. ಗಾಜಿನಾಚೆಯಿಂದ ಅಫ್ರೋಜ್, "ಸಾಲಿನ ಕೊನೆಗಳು ಕತ್ತರಿಸಿದ ಹಾಗಿವೆ ಮೇಡಂ. ಹಾಗೇ ಇರಲಾ?" ಎಂದು ಕೇಳಿದ್ದ. ತಿರುಗಿ ಕೇಳಿಸಿಕೊಂಡಾಗ ನನಗೆ ನಾಚಿಕೆಯಾಗಿತ್ತು. ನನಗೆ ಪಾಠ ಹೇಳಿದ ಮೇಷ್ಟ್ರು, ಹಾಡನ್ನು ಷಡ್ಜಕ್ಕೆ ತಂದು ಕೂರಿಸದೆ ಏಳುವುದೂ ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದೂ ಒಂದೇ ಎನ್ನುತ್ತಿದ್ದರು. ಎದುರಿಗೆ ಮಗುವಿಲ್ಲದ ಕೋಣೆಯಲ್ಲಿ ನಾನು ಟೀಚರಾಗಿ ಉಳಿದಿರಲಿಲ್ಲ, ಮತ್ತೆ ಮೇಷ್ಟ್ರ ಶಿಷ್ಯೆಯಾಗಿದ್ದೆ. "ಬೇಡಪ್ಪ, ಅಳಿಸಿಬಿಡು. ನೆಟ್ಟಗೆ ಹಾಡ್ತೀನಿ," ಎಂದು ನಲವತ್ತನ್ನೂ ಪೂರ್ತಿಯಾಗಿ ಹಾಡಿದ್ದೆ. ಯಂತ್ರ ಕೊಟ್ಟದ್ದನ್ನು ಕಲಿಯಿತು.

ಇದನ್ನೆಲ್ಲ ಅಫ್ರೋಜನಿಗೆ ಹೇಳಿದೆ. "ತಪ್ಪು ನನ್ನದು," ಎಂದೆ.

"ನಂದೂ ಇದೆ. ಹಾಗೇ ಇರಲಾ ಅಂತ ಕೇಳಿದೋನು ಯಾಕೆ ಹಾಗಿತ್ತು ಅಂತ ಕೇಳಲಿಲ್ಲ." ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕಡೆ ಸರಿಸಿದ. ಸಕ್ಕರೆ ಕಡಿಮೆ ಇತ್ತು. ನನ್ನ ಅಳತೆ ಅವನಿಗೆ ನೆನಪಿತ್ತು. "ಈಗ ಹಾಡು ಬದಲಾಯಿಸಿದ್ರೆ ಸಾಲಲ್ಲ ಮೇಡಂ. ಇದಕ್ಕೆ ನಾವು ಕೊಟ್ಟಿರೋದು ಒಂದೇ ಗುರಿ, ಗೆರೆ ಇಳಿಸು. ಕಾದ್ರೆ ಗೆರೆ ಏರುತ್ತೆ. ಏರಿದ್ರೆ ತಾನು ತಪ್ಪು ಮಾಡ್ದೆ ಅಂತ ಕಲಿಯುತ್ತೆ, ನಾಳೆಯಿಂದ ಕಾಯೋದನ್ನೇ ಬಿಡುತ್ತೆ. ಇಷ್ಟು ಹೊತ್ತು ಏರಿದ್ರೂ ಪರವಾಗಿಲ್ಲ ಅಂತ ಅದಕ್ಕೆ ಹೇಳಬೇಕು. ಏಳು ಸೆಕೆಂಡು ಇಡಲಾ?"

"ಏಳು ಸೆಕೆಂಡು ಸಾಲದಪ್ಪ."

"ಮತ್ತೆಷ್ಟು?"

"ಮೊದಲ ಸಲ ಹದಿನಾಲ್ಕು ತಿಂಗಳು ಹಿಡೀತು."

ಅವನು ನಗಲು ಹೋಗಿ, ಪೆನ್ನು ಕೈಗೆತ್ತಿಕೊಂಡ.

ಅವನು ವಿವರಿಸಿದ್ದು ಇಷ್ಟು: ಕಾಯುವುದನ್ನು ಬರೆದು ಕಲಿಸಲಾಗದು. ಮಗುವಿನ ಎದುರು ಕೂತು ಕಾಯುವ ಒಬ್ಬ ಮನುಷ್ಯರಿರಬೇಕು, ಯಂತ್ರ ಅವರನ್ನು ನೋಡಿ ಕಲಿಯಬೇಕು. ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಿ ಪಾಠ. ಆ ಹೊತ್ತಿನಲ್ಲಿ ಅದು ಹಾಡುವುದಿಲ್ಲ, ನೋಡುತ್ತದೆ ಅಷ್ಟೆ. ಉಳಿದ ಹೊತ್ತೆಲ್ಲ ಪಟ್ಟಿ ಬಿಚ್ಚಿಡಬೇಕು, ಇಲ್ಲದಿದ್ದರೆ ಹಳೆಯ ಚಾಳಿ ಮೇಲೆ ಬರುತ್ತದೆ. ಎಷ್ಟು ದಿನ ಎಂದರೆ, ಮೂರು ತಿಂಗಳಾದರೂ ಆಗಬಹುದು. ಅಷ್ಟು ದಿನವೂ ಕೂಗು ಇರುತ್ತದೆ. ತಾಯಿ ಒಪ್ಪಿ ಸಹಿ ಹಾಕಬೇಕು. ತನುವಿನ ಪಟ್ಟಿ ಕಲಿತರೆ, ಆ ಪಾಠವನ್ನು ಉಳಿದ ಮಕ್ಕಳ ಪಟ್ಟಿಗಳಿಗೂ ಕೊಡಬಹುದು.

ಕಾಗದ ಹಿಡಿದುಕೊಂಡು ನಾನೇ ಹೋದೆ. ಪೂರ್ತಿ ಕೇಳಿಸಿಕೊಂಡು ದ್ರಾಕ್ಷಾಯಿಣಿ ಕೈಯಲ್ಲಿದ್ದ ರವಿಕೆಯ ತೋಳನ್ನು ಮಡಿಚಿ ಪಕ್ಕಕ್ಕಿಟ್ಟಳು.

"ಅಂದ್ರೆ ಮೊದಲಿನ ಹಂಗೆ."

"ಸ್ವಲ್ಪ ದಿನ ಕಣಮ್ಮ."

"ಹಲ್ಲು ಕಿತ್ತಾಯ್ತು. ಇನ್ಮೇಲೆ ನೋವು ಬಂದ್ರೆ ಫೋನ್ ಬರ್ತೈತೆ ಅಂದ್ರಿ. ಮತ್ಯಾಕ್ರಿ ಇದು?"

"ಅವಳಿಗೆ ಬೇಕು ಬೇಡ ಹೇಳೋಕೆ ಬರ್ತಿತ್ತು. ಈಗ ಹೇಳ್ತಿಲ್ಲ."

"ಹೌದ್ರಿ, ಹೇಳ್ತಿಲ್ಲ. ಕಚ್ಚಿಕೊಳ್ತನೂ ಇಲ್ಲ." ಅವಳು ದನಿ ಏರಿಸಲಿಲ್ಲ. "ನೀವು ಶಾಲೇಲಿ ಅವಳ ಜೊತೆ ಎಷ್ಟು ಹೊತ್ತು ಇರ್ತಿದ್ರಿ ಟೀಚರಮ್ಮ? ಮುಕ್ಕಾಲು ಗಂಟೆ. ಉಳಿದಿದ್ದು ನಂದು. ನಾಲ್ಕು ತಿಂಗಳಿಂದ ನಾನು ಮನುಷ್ಯಳ ಹಂಗೆ ಮಲಗಿದೀನಿ. ಮೊನ್ನೆ ಬಿಸಿ ಅನ್ನ ಕೂತು ಉಂಡೆ, ಗೊತ್ತಾ? ನಿಂತ್ಕೊಂಡಲ್ಲ, ಕೂತು. ನೀವು ಕಾಗದ ತಂದು ನನ್ನ ನಿದ್ದೆ ಕೇಳ್ತಿದೀರಿ."

ಅವಳು ಹೇಳಿದ ಒಂದು ಮಾತೂ ಸುಳ್ಳಲ್ಲ. ಮಗಳ ಒಂದು ಸ್ವರಕ್ಕಾಗಿ ತಾಯಿ ಮತ್ತೆ ಮೂರು ತಿಂಗಳು ನಿದ್ದೆಗೆಡಬೇಕೆಂದು ಹೇಳಲು ನಾನು ಯಾರು? ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

"ಸಿಟ್ಟಾಗ್ಬೇಡ್ರಿ," ಎಂದಳು ಬಾಗಿಲವರೆಗೆ ಬಂದು. ಬಿಸಿಲು ಜೋರಿತ್ತು. ಒಳಗೆ ಹೋಗಿ ತನ್ನ ಛತ್ರಿ ತಂದು ಕೈಗೆ ಕೊಟ್ಟಳು.

ಎಂಟು ದಿನ ಕಳೆಯಿತು. ಅಫ್ರೋಜನಿಗೆ, ಒತ್ತಾಯ ಮಾಡುವುದು ಬೇಡ ಎಂದಿದ್ದೆ. ಒಂಬತ್ತನೆಯ ದಿನ ದ್ರಾಕ್ಷಾಯಿಣಿ ತಾನೇ ನನ್ನ ಮನೆಗೆ ಬಂದಳು. ತನುವನ್ನು ಅಪ್ಪನ ಹತ್ತಿರ ಬಿಟ್ಟು ಬಂದಿದ್ದಳು. ಚಹಾ ಬೇಡವೆಂದಳು, ಬರೀ ನೀರು ಕೇಳಿದಳು. ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಳು, ಕುಡಿಯಲಿಲ್ಲ.

"ಹಲ್ಲು ಕಿತ್ತ ಜಾಗಕ್ಕೆ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸ್ರಿ ಅಂದಿದ್ರು ಡಾಕ್ಟರು. ಲೋಟದಲ್ಲಿ ಕದಡಿ ಇಟ್ಟಿದ್ದೆ. ಪಕ್ಕದಲ್ಲೇ ಕುಡಿಯೋ ನೀರಿನ ಲೋಟ ಇತ್ತು. ಗಿರಾಕಿ ಬಂದ್ರು, ಮಾತಾಡ್ತಾ ಮಾತಾಡ್ತಾ ಯಾವುದೋ ಕೈಗೆ ಸಿಕ್ಕಿದ್ದು ಕೊಟ್ಟೆ." ಅವಳು ಲೋಟವನ್ನೇ ನೋಡುತ್ತಿದ್ದಳು. "ಕುಡಿದ್ಲು ಟೀಚರಮ್ಮ. ಪೂರ್ತಿ ಲೋಟ. ಮುಖ ಸಹ ಕಿವುಚಲಿಲ್ಲ. ತಳದಲ್ಲಿ ಉಪ್ಪು ಉಳಿದಿತ್ತು, ಅದನ್ನ ನೋಡಿ ನಂಗೆ ಗೊತ್ತಾಯ್ತು."

ನಾನು ಅವಳ ಹತ್ತಿರಕ್ಕೆ ಸರಿದು ಕೂತೆ.

"ನನ್ನ ಮಗಳು ಉಪ್ಪು ಒಂದು ಹರಳು ಹೆಚ್ಚಾದ್ರೆ ತಟ್ಟೆ ಎಸೀತಿದ್ಲು. ನಾನು ಬೈತಿದ್ದೆ. ಈಗ ಏನು ಕೊಟ್ರೂ ನುಂಗ್ತಾಳೆ. ನಾನು ಕೊಟ್ಟೆ ಅಂತ ಬಿಡ್ರಿ, ನಾಳೆ ನಾನಿಲ್ದೆ ಹೋದ್ರೆ ಯಾರು ಏನು ಕೊಟ್ರೂ ನುಂಗ್ತಾಳೆ."

ಅವಳು ಅಳಲಿಲ್ಲ. ಅಷ್ಟು ದಣಿದವರು ಸುಲಭಕ್ಕೆ ಅಳುವುದಿಲ್ಲ.

"ಸಹಿ ಹಾಕ್ತೀನಿ. ಆದ್ರೆ ಒಂದು ಮಾತು. ಆ ಎರಡು ಗಂಟೆ ನಾನು ಕಾಯಲ್ಲ. ನೀವೇ ಬರ್ಬೇಕು. ನೀವು ಕಾಯ್ರಿ, ನಾನು ಮಲಗ್ತೀನಿ. ಅವಳು ಎಷ್ಟೇ ಕೂಗ್ಲಿ, ನನ್ನ ಎಬ್ಬಿಸಬಾರದು."

"ನಂಗೆ ಅರವತ್ತೇಳು ಕಣಮ್ಮ," ಎಂದೆ.

"ಗೊತ್ರಿ. ನಿಮ್ಮ ಬೆನ್ನಿಗೆ ದಿಂಬು ಹೊಲಿದು ಇಟ್ಟಿದೀನಿ."

ಹೀಗೆ ನನ್ನ ಮಧ್ಯಾಹ್ನಗಳು ಹೋದವು. ಎರಡು ಗಂಟೆಯ ಬಸ್ಸು, ಎರಡೂವರೆಗೆ ಅವರ ಮನೆ. ದ್ರಾಕ್ಷಾಯಿಣಿ ತನುವಿನ ಹಣೆಗೆ ಪಟ್ಟಿ ಕಟ್ಟಿ, ಹೊಲಿಗೆ ಯಂತ್ರದ ಪಕ್ಕ ಚಾಪೆ ಹಾಸಿ ಮಲಗುವಳು. ಮೊದಲ ದಿನಗಳಲ್ಲಿ ಅವಳಿಗೆ ನಿದ್ದೆಯೇ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಬಿಗಿಯಾಗಿ ಮಲಗಿರುತ್ತಿದ್ದಳು, ತನು ಕೂಗಿದಾಗಲೆಲ್ಲ ಕಾಲ ಹೆಬ್ಬೆರಳು ಮಡಿಚಿಕೊಳ್ಳುತ್ತಿತ್ತು. ನಾನು ಹಾಡಿ ಕಾಯುತ್ತಿದ್ದೆ. ಪಟ್ಟಿ ನಮ್ಮಿಬ್ಬರನ್ನೂ ನೋಡುತ್ತಿತ್ತು. ತನು ನಾಲ್ಕು ತಿಂಗಳ ಮೇಲೆ ಮೊದಲ ಸಲ ಮುಂಗೈ ಕಚ್ಚಿಕೊಂಡ ದಿನ, ಪಟ್ಟಿಯ ಪಕ್ಕದ ಗುಂಡಿ ಒತ್ತಿ ಅದನ್ನು ಮತ್ತೆ ಹಾಡಿಸಿಬಿಡಲೇ ಎಂದು ನನ್ನ ಕೈ ಎರಡು ಸಲ ಮುಂದೆ ಹೋಯಿತು. ಪಕ್ಕದ ಮನೆಯವರು ಯಾರೂ ಬಂದು ಏನೂ ಕೇಳಲಿಲ್ಲ. ದಿನವೂ ಎರಡೂವರೆಗೆ ಅವರ ಟಿವಿಯ ಸದ್ದು ತಗ್ಗುವುದು ಮಾತ್ರ ಗೊತ್ತಾಗುತ್ತಿತ್ತು.

ಅಫ್ರೋಜ್ ದಿನಕ್ಕೊಂದು ಸಲ ಫೋನು ಮಾಡುತ್ತಿದ್ದ. ಮುನ್ನೂರ ಹನ್ನೊಂದು ಹಸಿರು ಗೆರೆಗಳ ನಡುವೆ ಒಂದು ಕೆಂಪು ಗೆರೆ ಎದ್ದು ಕುಣಿಯುತ್ತಿತ್ತಂತೆ. ಪ್ರತಿ ಕೆಂಪಿಗೂ ಅವನು ಕಾರಣ ಬರೆಯಬೇಕು, ಮೇಲಿನವರು ಓದುತ್ತಾರೆ.

"ಏನಂತ ಬರೀತೀಯಪ್ಪ?"

"ಮೊದಲು 'ತರಬೇತಿ' ಅಂತ ಬರೀತಿದ್ದೆ. ಅದಕ್ಕೆ ಇಪ್ಪತ್ತು ಪ್ರಶ್ನೆ ಕೇಳಿದ್ರು. ಈಗ 'ಮಗು ಮಾತಾಡುತ್ತಿದೆ' ಅಂತ ಬರೀತೀನಿ. ಯಾರೂ ಏನೂ ಕೇಳಿಲ್ಲ."

ಇಪ್ಪತ್ತಮೂರನೆಯ ದಿನ ನನಗೆ ಸ್ವಲ್ಪ ಜ್ವರವಿತ್ತು. ಗಂಟಲು ಕಟ್ಟಿತ್ತು. ಹೋಗದಿರೋಣ ಎಂದುಕೊಂಡೇ ಬಸ್ಸು ಹತ್ತಿದೆ. ಕೂತು ಐದು ನಿಮಿಷವಾಗಿರಲಿಲ್ಲ, ತನು ಶುರುಮಾಡಿದಳು. ಅಂದಿನ ಕೂಗು ಬೇರೆ ಥರ ಇತ್ತು. ಗೋಡೆಗೋ ಗಾಳಿಗೋ ಕೂಗುವ ಹುಡುಗಿ ಅಂದು ನನ್ನ ಸೆರಗು ಹಿಡಿದು ಎಳೆಯುತ್ತಾ ನನ್ನ ಮುಖಕ್ಕೇ ಕೂಗುತ್ತಿದ್ದಳು.

"ನೀರು ಬೇಕಾ ತನುಗೆ..." ಒಡಕು ಗಂಟಲಲ್ಲಿ ಹಾಡಿ ಕಾದೆ. ಲೋಟ ತೋರಿಸಿದೆ. ಕೈಯಿಂದ ಹೊಡೆದಳು, ನೀರು ನನ್ನ ಮಡಿಲಿಗೆ ಚೆಲ್ಲಿತು.

ಅವಳು ಬೇಡ ಎಂದಳು! ನನ್ನ ಸೀರೆ ಒದ್ದೆಯಾಗಿತ್ತು. ಅವಳ ಮುಖ ನೋಡಿದೆ. ಕೆಂಪಾಗಿತ್ತು, ಸಿಟ್ಟಿನಿಂದ ಉಬ್ಬಿತ್ತು. ನನಗೆ ಇಷ್ಟೂ ಅರ್ಥವಾಗುವುದಿಲ್ಲವೇ ಎಂಬಂಥ ಸಿಟ್ಟು ಅದು.

"ಹೊರಗೆ ಹೋಗಣಾ ತನು..." ಕಾದೆ. ಅದಲ್ಲ.

"ಬಾಳೆಹಣ್ಣು ಬೇಕಾ ತನುಗೆ..." ಅದೂ ಅಲ್ಲ. ಕೂಗು ಇನ್ನೂ ಮೇಲಕ್ಕೆ ಹೋಯಿತು. ಸೆರಗು ಮಾತ್ರ ಬಿಡಲಿಲ್ಲ.

ಕಿಟಕಿ, ಫ್ಯಾನು, ಚೆಂಡು, ಹೊದಿಕೆ ಎಲ್ಲ ಕೇಳಿದೆ. ಪ್ರತಿ ಸಲವೂ ಹಾಡಿ, ನಿಲ್ಲಿಸಿ, ಕಾದು, ತಪ್ಪಾಗಿ, ಮತ್ತೆ ಹಾಡಿ. ಫೋನು ಚೀಲದಲ್ಲಿ ಗುಂಯ್‌ಗುಟ್ಟಿತು. ಅಫ್ರೋಜನಿರಬೇಕು. ತೆಗೆಯಲಿಲ್ಲ.

ಆ ಗದ್ದಲಕ್ಕೆ ದ್ರಾಕ್ಷಾಯಿಣಿ ಮೊಣಕೈ ಊರಿ ಅರ್ಧ ಎದ್ದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ಅಂದರೆ ಅಷ್ಟು ಹೊತ್ತೂ ನಿಜವಾಗಿ ಮಲಗಿದ್ದಳು.

"ಏನಂತ್ರಿ ಅವಳಿಗೆ?"

"ಗೊತ್ತಾಗಿಲ್ಲ ಕಣಮ್ಮ. ಕೇಳ್ತಿದೀನಿ."

ಅವಳು ಮಗಳನ್ನು ನೋಡಿದಳು, ಮಗಳ ಮುಷ್ಟಿಯಲ್ಲಿದ್ದ ನನ್ನ ಸೆರಗನ್ನು ನೋಡಿದಳು. ತಾನು ಎದ್ದು ಬಂದಿದ್ದರೆ ಬಹುಶಃ ಒಂದೇ ನಿಮಿಷದಲ್ಲಿ ಅವಳಿಗೆ ತಿಳಿದುಹೋಗುತ್ತಿತ್ತು. ಆಮೇಲೆ, "ಕೇಳ್ರಿ," ಎಂದು ಮಲಗಿ, ಗೋಡೆಯ ಕಡೆ ಮಗ್ಗುಲಾಗಿ, ಸೆರಗನ್ನು ಮುಖದ ಮೇಲೆಳೆದುಕೊಂಡಳು. ತನು ಕೂಗುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ದ್ರಾಕ್ಷಾಯಿಣಿಯ ಕಾಲ್ಬೆರಳುಗಳು ಸಡಿಲವಾದವು, ಉಸಿರು ನಿಧಾನವಾಯಿತು.

ನಾನು ತನುವಿನ ಕಡೆ ತಿರುಗಿ, ಮನೆಯಲ್ಲಿ ಇನ್ನೇನಿದೆ ಎಂದು ಸುತ್ತಲೂ ನೋಡಿ, ಮುಂದಿನದನ್ನು ಕೇಳಿದೆ.